ಹೆಜ್ಜೆ ಹಾಕುವ ತಂಬೂರಿ

ವಿಶಾಖಪಟ್ಟಣದ ಒನ್ ಟೌನ್‌ನಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಸದ್ದುಗಳು ಒಂದೊಂದಾಗಿ ಮಲಗುತ್ತವೆ. ಕುರುಪಾಂ ಮಾರ್ಕೆಟ್ ಕಡೆಯ ಅಕ್ಕಸಾಲಿಗರ ಸುತ್ತಿಗೆ ಮೊದಲು ಸುಮ್ಮನಾಗುತ್ತದೆ, ಆಮೇಲೆ ಆಟೊಗಳು, ಆಮೇಲೆ ಎದುರು ಮನೆಯ ಟಿವಿ. ಕೊನೆಗೆ ಉಳಿಯುವುದು ಬಂದರಿನ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಬರುವ ಹಡಗಿನ ಕೂಗು ಮಾತ್ರ. ಒಂದರ ನೆತ್ತಿಯಲ್ಲಿ ಚರ್ಚು, ಇನ್ನೊಂದರಲ್ಲಿ ದರ್ಗಾ, ಮತ್ತೊಂದರಲ್ಲಿ ವೆಂಕಟೇಶ್ವರನ ಗುಡಿ ಹೊತ್ತ ಮೂರು ಗುಡ್ಡಗಳು ಆ ಕೂಗನ್ನು ಕೇಳಿಸಿಕೊಂಡು ಕೂತಿರುತ್ತವೆ.

ಕೆಲಸದ ನಿಮಿತ್ತ ಆರು ತಿಂಗಳು ಅಲ್ಲಿದ್ದೆ. ಬಾಡಿಗೆಗೆ ಸಿಕ್ಕಿದ್ದು ಹಳೆಯ ಮನೆಯೊಂದರ ಮಹಡಿ ಕೋಣೆ, ಮೇಲೆ ಹೆಂಚು. ನಾವು ಮಂಗಳೂರು ಹೆಂಚು ಅನ್ನುವುದನ್ನು ಆ ಕಡೆಯವರು ‘ಬೆಂಗಳೂರು ಪೆಂಕುಲು’ ಅನ್ನುತ್ತಾರೆ. ವಸ್ತು ಊರು ಬಿಟ್ಟು ಹೊರಟರೆ ಹೆಸರು ದಾರಿಯಲ್ಲಿ ಇನ್ಯಾವುದೋ ಊರನ್ನು ಅಂಟಿಸಿಕೊಂಡುಬಿಡುತ್ತದೆ. ಕೆಳಗಿನ ಮನೆಯಲ್ಲಿದ್ದವರು ಪಿಟೀಲು ಹೇಳಿಕೊಡುತ್ತಿದ್ದ ಹಿರಿಯರು. ಬೀದಿಯವರೆಲ್ಲ ಅವರನ್ನು ಮಾಸ್ಟಾರು ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಒಂದು ರಾತ್ರಿ ಪುಟ್ಟ ಸ್ಪೀಕರಿನಲ್ಲಿ ಸಣ್ಣಗೆ ಏನನ್ನೋ ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದೆ. ಕೆಳಗಿನ ಅಂಗಳದಿಂದ ದನಿ ಬಂತು.

‘ಏಂ ಬಾಬು, ಹಿಂದೋಳಮಾ?’

‘ಹೌದು ಮಾಸ್ಟಾರೂ. ಹಿಂದೂಸ್ತಾನಿಯವರ ಮಾಲಕೌಂಸ.’

‘ನುಡಿಸೋರು ಯಾರು?’

‘ಯಂತ್ರ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಸರಿ, ಆ ಯಂತ್ರಕ್ಕೆ ಹಿಂದೋಳ ಹೇಳಿಕೊಟ್ಟವರು ಯಾರು?’

ಅವರ ಪ್ರಶ್ನೆಗೆ ಹೆಸರಿನ ಉತ್ತರ ಸುಲಭ. ಚರಣಜಿತ್ ಸಿಂಗ್. ಮುಂಬೈನ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ 1960ರ ದಶಕದಿಂದ ಗಿಟಾರು, ಕೀಬೋರ್ಡು ನುಡಿಸಿಕೊಂಡು ಬಂದವರು. ಯಾರದೋ ಸ್ವರಸಂಯೋಜನೆಗೆ, ಯಾರದೋ ದನಿಯ ಹಿಂದೆ, ಹೆಸರು ಕಾಣದ ಜಾಗದಲ್ಲಿ ಕೂತು ದುಡಿದ ಕಲಾವಿದ. 1982ರಲ್ಲಿ ಗ್ರಾಮಫೋನ್ ಕಂಪನಿ ಆಫ್ ಇಂಡಿಯಾ ಅವರ ಒಂದು ಎಲ್‌ಪಿ ಹೊರತಂದಿತು. ಹೆಸರು ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ಹತ್ತು ರಾಗ, ಒಂದೊಂದಕ್ಕೆ ಐದು ನಿಮಿಷದ ಆಸುಪಾಸು. ಹಾಡಿಲ್ಲ, ತಬಲಾ ಇಲ್ಲ, ಜೊತೆಗಾರರಿಲ್ಲ. ಒಬ್ಬ ಮನುಷ್ಯ ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು.

ಡಿಸ್ಕೊ ಆಗ ದೇಶವನ್ನೇ ಹಿಡಿದಿತ್ತು. 1980ರಲ್ಲಿ ‘ಕುರ್ಬಾನಿ’, 1981ರಲ್ಲಿ ನಾಜಿಯಾ ಹಸನ್‌ಳ ‘ಡಿಸ್ಕೊ ದೀವಾನೆ’, 1982ರಲ್ಲಿ ಬಪ್ಪಿ ಲಾಹಿರಿಯವರ ‘ಡಿಸ್ಕೊ ಡಾನ್ಸರ್’. ನಮ್ಮಲ್ಲೂ ಇಳಯರಾಜರ ಸಂಗೀತದ ‘ಗೀತಾ’ 1981ರಲ್ಲೇ ಬಂದು ಶಂಕರ್‌ನಾಗ್ ಕೈಗೆ ಗಿಟಾರು ಕೊಟ್ಟಿತ್ತು. ಎಲ್ಲರೂ ಡಿಸ್ಕೊ ಲಯಕ್ಕೆ ಸಿನಿಮಾ ಹಾಡು ಹೊಂದಿಸುತ್ತಿದ್ದಾಗ ಸಿಂಗ್ ಅದೇ ಲಯಕ್ಕೆ ರಾಗವನ್ನೇ ಹೊಂದಿಸಿದರು. ರೆಕಾರ್ಡು ಮಾರಾಟವಾಗಲಿಲ್ಲ. ಶಾಸ್ತ್ರೀಯದವರಿಗೆ ಅದು ಕುಣಿತದ ಸರಕು, ಕುಣಿಯುವವರಿಗೆ ಅದು ಶಾಸ್ತ್ರೀಯದ ಸರಕು. ಎರಡೂ ಮನೆಯಲ್ಲಿ ಊಟವಿಲ್ಲದ ಅತಿಥಿಯ ಹಾಗೆ ಅಂಗಡಿಗಳ ಮೂಲೆ ಸೇರಿತು.

ಮೂರು ಯಂತ್ರಗಳಲ್ಲಿ ಒಂದು ಟಿಆರ್-808. ಮುಂಭಾಗದ ಅಂಚಿನಲ್ಲಿ ಸಾಲಾಗಿ ಹದಿನಾರು ಗುಂಡಿ. ನಾಲ್ಕು ಕೆಂಪು, ನಾಲ್ಕು ಕಿತ್ತಳೆ, ನಾಲ್ಕು ಹಳದಿ, ನಾಲ್ಕು ಬಿಳಿ. ಚತುರಶ್ರ ನಡೆಯನ್ನು ಬಣ್ಣ ಬಳಿದು ಮುಂದಿಟ್ಟ ಹಾಗೆ. ಯಾವ ಗುಂಡಿ ಒತ್ತುತ್ತೀರೋ ಆ ಮಾತ್ರೆಯಲ್ಲಿ ಪೆಟ್ಟು. ಎರಡನೆಯದು ಜ್ಯೂಪಿಟರ್-8, ಒಮ್ಮೆಗೆ ಎಂಟು ಸ್ವರ ಹೊರಡಿಸಬಲ್ಲ ದೊಡ್ಡ ಕೀಬೋರ್ಡು. ರಾಗ ಹಾಡುವುದು ಇದೇ. ಮೂರನೆಯದೇ ಕತೆಯ ಜೀವ: ಟಿಬಿ-303.

ತದಾವೊ ಕಿಕುಮೊಟೊ ವಿನ್ಯಾಸ ಮಾಡಿದ ಈ ಪುಟ್ಟ ಬೆಳ್ಳಿಬಣ್ಣದ ಪೆಟ್ಟಿಗೆ 1981ರಲ್ಲಿ ಮಾರುಕಟ್ಟೆಗೆ ಬಂತು. ಬಾಸ್ ಗಿಟಾರಿನವನು ಸಿಗದ ದಿನ ಗಿಟಾರು ಅಭ್ಯಾಸ ಮಾಡುವವನಿಗೆ ಜೊತೆ ಕೊಡಲಿ ಎಂದು ಮಾಡಿದ್ದು. ಬಾಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ. ಸುಮಾರು ಹತ್ತು ಸಾವಿರ ತಯಾರಾಗುವ ಹೊತ್ತಿಗೆ, 1984ರಲ್ಲಿ, ಕಂಪನಿ ಕೈಬಿಟ್ಟಿತು. ಅದಕ್ಕೆ ಪಾಠ ಹೇಳುವ ಕ್ರಮವೂ ವಿಚಿತ್ರ. ಮೊದಲು ಸ್ವರಗಳನ್ನಷ್ಟೇ ಒಂದರ ಹಿಂದೆ ಒಂದು ಒತ್ತಬೇಕು, ಕಾಲವಿಲ್ಲದೆ. ಆಮೇಲೆ ಇನ್ನೊಂದು ಸುತ್ತಿನಲ್ಲಿ ಅವುಗಳ ಕಾಲವನ್ನಷ್ಟೇ ಒತ್ತಬೇಕು, ಸ್ವರವಿಲ್ಲದೆ. ಎರಡನ್ನೂ ಸೇರಿಸಿಕೊಳ್ಳುವುದು ಅದರ ಕೆಲಸ. ಪಾಶ್ಚಾತ್ಯ ವಾದಕರು ಇದಕ್ಕೆ ತಲೆ ಚಚ್ಚಿಕೊಂಡರು. ಸರಳೆ ವರಸೆಯ ಸ್ವರ ಬಾಯಿಪಾಠ ಮಾಡಿ, ತಾಳವನ್ನು ಬೇರೆಯಾಗಿ ತೊಡೆಯ ಮೇಲೆ ಹಾಕಿ ಕಲಿತ ನಮ್ಮ ಮಕ್ಕಳಿಗೆ ಅಷ್ಟೇನೂ ಹೊಸದೆನಿಸದ ಪದ್ಧತಿ ಅದು.

ಆ ಪೆಟ್ಟಿಗೆಯ ಮೇಲೆ ಒಂದು ಸೌಲಭ್ಯವಿದೆ, ಹೆಸರು ಸ್ಲೈಡ್. ಒಂದು ಸ್ವರದಿಂದ ಮುಂದಿನದಕ್ಕೆ ಹಾರದೆ ಜಾರಿಸುತ್ತದೆ. ನಮ್ಮವರ ಮಾತಿನಲ್ಲಿ ಜಾರು, ಧಾರವಾಡದ ಕಡೆಯವರ ಮಾತಿನಲ್ಲಿ ಮೀಂಡ್. ಆದರೆ ಇದು ಒರಟು ಜಾರು. ಪಕ್ಕದ ಸ್ವರಕ್ಕೆ ಜಾರಿದರೂ, ಒಂದು ಸ್ಥಾಯಿ ದೂರ ಜಾರಿದರೂ ತೆಗೆದುಕೊಳ್ಳುವುದು ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಯಾವ ಗಾಯಕನೂ ಹಾಗೆ ಜಾರುವುದಿಲ್ಲ. ಗಾಯಕ ದೂರ ನೋಡಿ ಉಸಿರು ಅಳೆಯುತ್ತಾನೆ. ಯಂತ್ರ ಅಳೆಯುವುದಿಲ್ಲ, ಒದ್ದೆ ಮೆಟ್ಟಿಲ ಮೇಲೆ ಕಾಲು ಇಟ್ಟವನಂತೆ ಪ್ರತಿ ಸಲವೂ ಸುಂಯ್ ಅಂತ ಇಳಿದುಬಿಡುತ್ತದೆ. ಈ ರೆಕಾರ್ಡಿನ ರುಚಿಯೆಲ್ಲ ಅಲ್ಲಿದೆ. ಮೇಲೆ ಜ್ಯೂಪಿಟರಿನಲ್ಲಿ ಸಿಂಗ್ ಅವರ ಬೆರಳು ಅಳೆದು ತೂಗಿ ಸ್ವರ ಬಾಗಿಸುತ್ತಿರುತ್ತದೆ. ಕೆಳಗೆ 303 ಅದೇ ಐದಾರು ಸ್ವರಗಳನ್ನು ಅಳತೆಯೇ ಇಲ್ಲದೆ ಜಾರಿಸುತ್ತಿರುತ್ತದೆ. ಒಂದೇ ರಾಗಕ್ಕೆ ಎರಡು ಮೈ: ಮೇಲೆ ಬುದ್ಧಿವಂತ, ಕೆಳಗೆ ಹಟಮಾರಿ.

ರೆಕಾರ್ಡಿನ ಮೊದಲ ರಾಗ ಭೈರವಿ. ಹಿಂದೂಸ್ತಾನಿ ಕಛೇರಿ ಕೇಳಿ ಬೆಳೆದವರು ಇಲ್ಲೇ ನಗುತ್ತಾರೆ. ಭೈರವಿ ಅಂದರೆ ಮುಗಿಯಿತು, ಚಪ್ಪಲಿ ಹುಡುಕಿಕೊಳ್ಳಿ ಅಂತ ಅರ್ಥ. ಸಿಂಗ್ ಮುಕ್ತಾಯದಿಂದ ಶುರು ಮಾಡುತ್ತಾರೆ. ಅದರ ಬೆನ್ನಿಗೇ ಬೆಳಗಿನ ಜಾವದ ಲಲಿತ್, ಆಮೇಲೆ ಸಂಜೆಯ ಭೂಪಾಲಿ, ಮತ್ತೆ ಬೆಳಗಿನ ತೋಡಿ, ಮತ್ತೆ ಸಂಜೆಯತ್ತ ವಾಲಿದ ಮಧುವಂತಿ. ಹೊತ್ತಿನ ಕಟ್ಟಳೆಯನ್ನು ಪೂರಾ ಕಳಚಿಟ್ಟ ಸರದಿ ಇದು. ಮೊದಮೊದಲು ಇದು ಅಜಾಗರೂಕತೆ ಅನಿಸಿತ್ತು. ಕೇಳುತ್ತ ಕೇಳುತ್ತ ಅನಿಸಿದ್ದು, ಈ ಡೋಲಿಗೆ ಗಡಿಯಾರವೇ ಇಲ್ಲ. ಬೆಳಕು ಕಾಣದ ಕೋಣೆಯಲ್ಲಿ ಕುಣಿಯುವವನಿಗೆ ನಸುಕು ಯಾವುದು, ಸಂಜೆ ಯಾವುದು?

ಲಲಿತ್‌ನಲ್ಲಿ ಸ್ವಲ್ಪ ನಿಲ್ಲಬೇಕು. ಪಂಚಮವೇ ಇಲ್ಲದ ರಾಗ. ಬದಲಿಗೆ ಶುದ್ಧ ಮಧ್ಯಮ, ತೀವ್ರ ಮಧ್ಯಮ ಎರಡೂ ಒಂದರ ಪಕ್ಕ ಒಂದು ಬರುತ್ತವೆ. ಹಾಡುವವರು ಈ ಎರಡರ ನಡುವೆ ದನಿಯನ್ನು ಹಿಟ್ಟಿನ ಹಾಗೆ ನಾದುತ್ತಾರೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಗೊತ್ತಾಗದು. ಕೀಬೋರ್ಡಿನಲ್ಲಿ ಅವೆರಡೂ ಅಕ್ಕಪಕ್ಕದ ಮನೆಗಳು, ನಡುವೆ ಗೋಡೆ. ಈ ಗೋಡೆ ಕೆಡವಲು ಸಿಂಗ್ ಸ್ವರ ಬಾಗಿಸುವ ಹಿಡಿಯನ್ನು ನೆಚ್ಚುತ್ತಾರೆ. ಕೆಲವು ಸಲ ಗೋಡೆ ಬೀಳುತ್ತದೆ, ಕೆಲವು ಸಲ ಬೀಳುವುದಿಲ್ಲ. ಬೀಳದಾಗ ಎರಡು ಮಧ್ಯಮಗಳೂ ಮುಖಕ್ಕೆ ಮುಖ ಕೊಟ್ಟು ನಿಂತು, ಲಲಿತ್‌ನ ಎಂದಿನ ಮಂಪರಿಗೆ ಬದಲಾಗಿ ಒಂದು ಹೊಳೆಯುವ ಅಂಚು ಬರುತ್ತದೆ. ಅದು ಲಲಿತ್ ಹೌದೋ ಅಲ್ಲವೋ, ಚೆಂದ ಅಂತೂ ಹೌದು.

ತೋಡಿಯಲ್ಲಿ ಮಾತ್ರ ಯಂತ್ರ ಸೋಲುತ್ತದೆ. ಇದು ನಮ್ಮ ಹನುಮತೋಡಿ ಅಲ್ಲ, ಸ್ವರದಲ್ಲಿ ಶುಭಪಂತುವರಾಳಿಗೆ ಹತ್ತಿರದ್ದು. ಅದರ ಗಾಂಧಾರ ಕೀಬೋರ್ಡಿನ ಯಾವ ಮನೆಯಲ್ಲೂ ವಾಸವಿಲ್ಲ. ಕೋಮಲಕ್ಕಿಂತ ಒಂದು ಕೂದಲೆಳೆ ಕೆಳಗೆ, ತೂಗುತ್ತ, ಅಳುವ ಮುಂಚಿನ ಗಂಟಲಿನಂತೆ ಇರಬೇಕು. ಇಲ್ಲಿ ಸ್ವರ ನೆಟ್ಟಗೆ ನಿಂತಿದೆ. ತೋಡಿಯ ಅಸ್ಥಿಪಂಜರ ಇದೆ, ಕರುಳಿಲ್ಲ. ಐದೇ ಸ್ವರದ ರಾಗಗಳಲ್ಲಿ ಅದೇ ಯಂತ್ರ ಅರಳುತ್ತದೆ. ಭೂಪಾಲಿ, ಅಂದರೆ ನಮ್ಮ ಮೋಹನ. ಕಲಾವತಿ, ಅಂದರೆ ವಲಜಿ. ಬೈರಾಗಿ, ಅಂದರೆ ರೇವತಿ. ಮಧ್ಯಮಾವತಿಯ ಬಳಗದ ಮೇಘಮಲ್ಹಾರ. ಸ್ವರ ಕಡಿಮೆ, ನಡುವಿನ ಜಾಗ ಜಾಸ್ತಿ. ಆ ಜಾಗದಲ್ಲಿ 303 ಕಪ್ಪೆಯಂತೆ ಕುಪ್ಪಳಿಸುತ್ತ ಓಡಾಡುತ್ತದೆ. ಮೇಘದಲ್ಲಿ ಅದರ ಗುಳುಗುಳು ಹೆಂಚಿನ ಅಂಚಿನಿಂದ ಸುರಿಯುವ ನೀರಿನದೇ ಸದ್ದು ಎಂದು ನನಗನಿಸಿದ್ದು, ತಲೆಯ ಮೇಲೆ ಹೆಂಚಿದ್ದ ಕಾರಣಕ್ಕೂ ಇರಬಹುದು.

ಇನ್ನು ಮಾಲಕೌಂಸ. ರಿಷಭವಿಲ್ಲ, ಪಂಚಮವಿಲ್ಲ. ಪಂಚಮ ಇಲ್ಲದ್ದರಿಂದ ತಂಬೂರಿಯ ಮೊದಲ ತಂತಿಯನ್ನೂ ಮಧ್ಯಮಕ್ಕೆ ಇಳಿಸಬೇಕು. ಅಲ್ಲಿಂದ ಎಲ್ಲಕ್ಕೂ ಒಂದು ಆಳ ಬರುತ್ತದೆ, ನೆಲಮಾಳಿಗೆಗೆ ಇಳಿದ ಹಾಗೆ. ಈ ರೆಕಾರ್ಡಿನಲ್ಲಿ ಆ ತಂಬೂರಿಯ ಕೆಲಸ ಯಾರು ಮಾಡುತ್ತಿದ್ದಾರೆ ಎಂದು ಕಿವಿಗೊಟ್ಟು ಕೇಳಿ. 303! ಹದಿನಾರು ಮಾತ್ರೆಯ ಒಂದು ಸುತ್ತು, ಅದೇ ಮತ್ತೆ, ಅದೇ ಮತ್ತೆ. ಮೊದಲ ಕೆಲವು ಸುತ್ತು ಅದನ್ನು ನಾವು ಧಾಟಿ ಎಂದು ಕೇಳುತ್ತೇವೆ. ಒಂದು ನಿಮಿಷದ ಮೇಲೆ ಕಿವಿ ಅದನ್ನು ಧಾಟಿಯಾಗಿ ಕೇಳುವುದನ್ನು ಬಿಡುತ್ತದೆ. ಅದು ಶ್ರುತಿಯಾಗುತ್ತದೆ. ತಂಬೂರಿಯನ್ನು ಯಾರೂ ‘ಮತ್ತೆ ಅದೇ ಸ್ವರ’ ಎಂದು ದೂರುವುದಿಲ್ಲವಲ್ಲ, ಹಾಗೆ. ವ್ಯತ್ಯಾಸ ಒಂದೇ: ನಮ್ಮ ತಂಬೂರಿ ಕೂತಲ್ಲೇ ಕೂತಿರುತ್ತದೆ, ಇದು ಹೆಜ್ಜೆ ಹಾಕುತ್ತದೆ. ಶ್ರುತಿ ಮಾತೆ, ಲಯ ಪಿತ ಅನ್ನುತ್ತಾರೆ. ಇಲ್ಲಿ ತಾಯಿಯೇ ಎದ್ದು ತಂದೆಯ ಲಯಕ್ಕೆ ನಡೆಯತೊಡಗಿದ್ದಾಳೆ.

ಅಪ್ಪಟ ಟ್ರಾನ್ಸ್ ಸಂಗೀತದ ಗುಟ್ಟೂ ಇದೇ ಎಂದು ನನ್ನ ಎಣಿಕೆ. ಸೈಕೆಡೆಲಿಕ್ ಟ್ರಾನ್ಸ್ ಎಂಬ ಪ್ರಕಾರ ಹುಟ್ಟಿದ್ದು ನಮ್ಮ ಕಾರವಾರದ ಗಡಿ ದಾಟಿದರೆ ಸಿಗುವ ಗೋವೆಯಲ್ಲಿ, ಅಂಜುನಾದ ಕಡಲ ದಂಡೆಯಲ್ಲಿ. ಹಿಪ್ಪಿಗಳು ಬೀಡುಬಿಟ್ಟ ಆ ತೀರದಲ್ಲಿ ಅಮೆರಿಕದಿಂದ ಬಂದು ನೆಲೆಸಿದ ಗೋವಾ ಗಿಲ್‌ನಂಥವರು 1980ರ ದಶಕದಲ್ಲಿ ಯುರೋಪಿನ ಎಲೆಕ್ಟ್ರಾನಿಕ್ ಹಾಡುಗಳಿಂದ ಮಾತನ್ನು ತೆಗೆದು, ಬರಿಯ ವಾದ್ಯಭಾಗವನ್ನು ಟೇಪಿನಲ್ಲಿ ಉದ್ದಕ್ಕೆ ಜೋಡಿಸಿ, ರಾತ್ರಿಯಿಂದ ಬಿಸಿಲೇರುವವರೆಗೆ ನುಡಿಸಿದರು. ಬಿಸಿಲಿಗೆ ಎಲ್‌ಪಿ ತಟ್ಟೆ ಬಾಗುತ್ತದೆ, ಟೇಪು ತಾಳುತ್ತದೆ. 1990ರ ದಶಕದ ನಡುವಿನಲ್ಲಿ ಈ ಶೈಲಿಗೆ ಗೋವಾ ಟ್ರಾನ್ಸ್ ಎಂಬ ಹೆಸರು ನಿಂತಿತು. ಹ್ಯಾಲೂಸಿನೋಜನ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಸೈಮನ್ ಪೋಸ್‌ಫರ್ಡ್ 1995ರಲ್ಲಿ ತಂದ ‘ಟ್ವಿಸ್ಟೆಡ್’ ಅದರ ಶಿಖರಗಳಲ್ಲೊಂದು. ಕಾಲೇಜು ಹುಡುಗರು ‘ಸೈ’ ಎಂದು ಮೊಟಕುಮಾಡಿ ಕರೆಯುವ ಇವತ್ತಿನ ಸೈಟ್ರಾನ್ಸ್ ಅದರ ಮಗು.

ಅದರ ನಡೆಯನ್ನು ನಮ್ಮ ಕೊನ್ನಕೋಲಿನಲ್ಲಿ ಹೇಳುವುದು ಸುಲಭ. ತ-ಕ-ಧಿ-ಮಿ. ‘ತ’ ಮೇಲೆ ದೊಡ್ಡ ಡೋಲಿನ ಗುದ್ದು, ‘ಕ-ಧಿ-ಮಿ’ ಮೂರರಲ್ಲೂ ಬಾಸ್‌ನ ಒಂದೇ ಸ್ವರ. ನಿಮಿಷಕ್ಕೆ 140ರ ಆಸುಪಾಸು ಗುದ್ದು, ತಾಸುಗಟ್ಟಲೆ. ಕುದುರೆಯ ಓಟದಂಥ ಆ ಬಾಸ್ ಕೂಡ ಹೆಜ್ಜೆ ಹಾಕುವ ತಂಬೂರಿಯೇ. ಅದರ ಮೇಲೆ ಕೋಮಲ ರಿಷಭದ, ಭೈರವಿಯ ನೆರಳಿರುವ ಧಾಟಿಗಳು ಹಾವಿನಂತೆ ಸುತ್ತುತ್ತವೆ. ಆ ಹಾವಿಗೆ ವಿಷದ ಹೊಳಪು ಕೊಡುವುದು ಬಹಳ ಸಲ ಅದೇ 303ರ ದನಿ. ಅಂಜುನಾದವರು ಸಿಂಗ್ ಅವರ ರೆಕಾರ್ಡು ಕೇಳಿದ್ದರೆಂದು ನಾನು ಹೇಳುತ್ತಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಶ್ರುತಿಯನ್ನು ನಡೆಯಲು ಬಿಟ್ಟರೆ ಎಲ್ಲಿಂದ ಹೊರಟವರೂ ಹೆಚ್ಚುಕಮ್ಮಿ ಅದೇ ದಂಡೆಗೆ ಬಂದು ತಲುಪುತ್ತಾರೆ.

ಎರಡರ ನಡುವೆ ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಸೈಟ್ರಾನ್ಸ್‌ನಲ್ಲಿ ಬದಲಾಗುವುದು ದನಿಯ ಬಣ್ಣ. ಸ್ವರ ಇದ್ದಲ್ಲೇ ಇರುತ್ತದೆ, ಗುಬಟು ತಿರುಗಿಸಿದಂತೆ ಅದು ಮಸುಕಿನಿಂದ ಚೂಪಿಗೆ, ಚೂಪಿನಿಂದ ಉರಿಗೆ ಹೋಗುತ್ತದೆ. ಸಿಂಗ್ ಗುಬಟನ್ನು ಹೆಚ್ಚು ಮುಟ್ಟುವುದಿಲ್ಲ. ಅವರಲ್ಲಿ ಬದಲಾಗುವುದು ಸ್ವರದ ದಾರಿ. ಒಬ್ಬರು ದೀಪದ ಬಣ್ಣ ಬದಲಿಸುತ್ತ ಒಂದೇ ಕೋಣೆ ತೋರಿಸುತ್ತಾರೆ, ಇನ್ನೊಬ್ಬರು ಒಂದೇ ದೀಪ ಹಿಡಿದು ಕೋಣೆಯಿಂದ ಕೋಣೆಗೆ ಕರೆದೊಯ್ಯುತ್ತಾರೆ.

ಗುಬಟು ತಿರುಗಿಸಿದವರು ಷಿಕಾಗೊ ಹುಡುಗರು. ಕಂಪನಿ ಕೈಬಿಟ್ಟ ಮೇಲೆ 303 ಹಳೆ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಫ್ಯೂಚರ್ ಎಂಬ ತಂಡದ ಮೂವರು ಅದು ಓಡುತ್ತಿರುವಾಗಲೇ ಗುಬಟುಗಳನ್ನು ಮನಸೋ ಇಚ್ಛೆ ತಿರುಗಿಸಿದರು. 1987ರಲ್ಲಿ ‘ಆ್ಯಸಿಡ್ ಟ್ರ್ಯಾಕ್ಸ್’ ಬಂತು, ಆ್ಯಸಿಡ್ ಹೌಸ್ ಎಂಬ ಪ್ರಕಾರವೇ ಹುಟ್ಟಿತು. ಯಂತ್ರ ಜಪಾನಿನದು, ಹೆಸರು ಷಿಕಾಗೊದ್ದು. 2002ರಲ್ಲಿ ಎಡೊ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದೆಹಲಿಯ ಅಂಗಡಿಯೊಂದರಲ್ಲಿ ಸಿಂಗ್ ಅವರ ರೆಕಾರ್ಡು ಸಿಕ್ಕಿತು. 2010ರಲ್ಲಿ ಅವನ ಬಾಂಬೆ ಕನೆಕ್ಷನ್ ಸಂಸ್ಥೆ ಅದನ್ನು ಮತ್ತೆ ಹೊರತಂದಾಗ ಕೇಳಿದವರಲ್ಲಿ ಹಲವರು ನಂಬಲಿಲ್ಲ. ಈಗಿನ ಯಾರೋ ಕಿಲಾಡಿ ಮಾಡಿ ಹಳೆಯದೆಂದು ದಾಟಿಸುತ್ತಿದ್ದಾನೆ ಎಂದರು. ನಿಜವೆಂದು ಗೊತ್ತಾದ ಮೇಲೆ ‘ಆ್ಯಸಿಡ್ ಹೌಸ್‌ನ ಪಿತಾಮಹ’ ಎಂದರು. ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಆ ಯಂತ್ರಗಳ ಮುಂದೆ ನಿಂತು ಹದಿಹರೆಯದವರನ್ನು ಕುಣಿಸಿದರು. 2015ರ ಜುಲೈನಲ್ಲಿ ತೀರಿಕೊಂಡರು.

ಪಿತಾಮಹ ಪದವಿಯಿಂದ ರೆಕಾರ್ಡಿಗೆ ಒಳ್ಳೆಯದಾಯಿತು, ಕೇಳುವ ಕಿವಿಗೆ ಅಷ್ಟು ಒಳ್ಳೆಯದಾಗಲಿಲ್ಲ. ಈಗ ಎಲ್ಲರೂ ಅದರಲ್ಲಿ ಐದು ವರ್ಷ ಮುಂದಿನ ಷಿಕಾಗೊವನ್ನೇ ಹುಡುಕುತ್ತಾರೆ. ಮಾಸ್ಟಾರು ಹುಡುಕಿದ್ದು ಹಿಂದೋಳವನ್ನು, ಅದು ಅವರಿಗೆ ಅಂಗಳದಲ್ಲಿ ಕೂತಲ್ಲೇ ಸಿಕ್ಕಿತು.

ಅವರಿಗೆ ಇದು ವಿಚಿತ್ರವೆನಿಸದಿರಲು ಕಾರಣ ಇತ್ತು. ಅವರ ಕೈಯ ಪಿಟೀಲೇ ಪರದೇಶದ್ದು. ಬಾಲುಸ್ವಾಮಿ ದೀಕ್ಷಿತರ ಕಾಲದಿಂದ ಇನ್ನೂರು ವರ್ಷ ಪಳಗಿ ನಮ್ಮದಾದದ್ದು. ಪಿಟೀಲಿನ ದೊಡ್ಡ ಹೆಸರು ದ್ವಾರಂ ವೆಂಕಟಸ್ವಾಮಿ ನಾಯ್ಡು 1893ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಬೆಳೆದದ್ದು ಇದೇ ವಿಶಾಖಪಟ್ಟಣದಲ್ಲಿ, ಪಾಠ ಹೇಳಿದ್ದು ಪಕ್ಕದ ವಿಜಯನಗರಂನ ಸಂಗೀತ ಕಾಲೇಜಿನಲ್ಲಿ. ನಾನು ಬೆಂಗಳೂರಿನವನೆಂದು ಗೊತ್ತಾದ ದಿನ ಮಾಸ್ಟಾರು ಮೊದಲು ಹೇಳಿದ್ದೇ ಅದು. ನಾನು ಪ್ರತಿಯಾಗಿ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮರುಳಾಗಿ, ಆ ಹಿತ್ತಾಳೆಯ ಕೊಳವೆಗೆ ಗಮಕ ಕಲಿಸಿದ ಕದ್ರಿ ಗೋಪಾಲನಾಥರನ್ನು ಮುಂದಿಟ್ಟೆ. ಪಿಟೀಲಿಗೆ ಬೆರಳು ಜಾರಲು ಅಡ್ಡಿಯಿಲ್ಲ, ಸ್ಯಾಕ್ಸೊಫೋನಿಗೆ ಉಸಿರಿದೆ. 303ಕ್ಕೆ ಎರಡೂ ಇಲ್ಲ. ಸಿಂಗ್ ಅದನ್ನು ಪಳಗಿಸಲು ಹೋಗಲಿಲ್ಲ. ದಣಿವಿಲ್ಲದೆ ಒಂದನ್ನೇ ಹೇಳುವುದು ಅದರ ಸ್ವಭಾವ. ನಮ್ಮ ಸಂಗೀತದಲ್ಲಿ ಅಂಥ ಸ್ವಭಾವಕ್ಕೆ ಮೊದಲಿನಿಂದ ಒಂದು ಮಣೆ ಹಾಕಿಟ್ಟಿದೆ, ಗಾಯಕನ ಬೆನ್ನ ಹಿಂದೆ. ಅಲ್ಲಿ ಕೂರಿಸಿದರು, ಅಷ್ಟೇ.

ಆ ಮಣೆಯ ಮೇಲೆ ವಿದ್ಯುತ್ ಯಂತ್ರ ಕೂತದ್ದೂ ಅದೇ ಮೊದಲಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೇ ಬೆಂಗಳೂರಿನಲ್ಲಿ ರಾಡೆಲ್ ಸಂಸ್ಥೆ ಕಟ್ಟಿ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಾಳದ ಪೆಟ್ಟಿಗೆ ಮಾಡಲು ಹೊರಟಿದ್ದರು. ಸಿಂಗ್ ರೆಕಾರ್ಡು ಅಂಗಡಿ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ವರ್ಷಗಳಲ್ಲಿ ನಮ್ಮ ಎಷ್ಟೋ ಸಂಗೀತಶಾಲೆಗಳಲ್ಲಿ ಮಕ್ಕಳು ಯಂತ್ರದ ಷಡ್ಜಕ್ಕೇ ದನಿ ಸೇರಿಸಲು ಕಲಿತರು. ಯಾರೂ ಅದನ್ನು ಕ್ರಾಂತಿ ಅನ್ನಲಿಲ್ಲ.

ಮಾಸ್ಟಾರ ಮನೆಯಲ್ಲೂ ಬೆಂಗಳೂರಿನ ಅಂಥದೊಂದು ಪೆಟ್ಟಿಗೆ ಇತ್ತು, ಬಟ್ಟೆಯ ಗವಸು ಹಾಕಿಕೊಂಡು. ಆ ರಾತ್ರಿ ನಾನು ಸ್ಪೀಕರು ಹಿಡಿದು ಕೆಳಗಿಳಿದೆ. ಮಾಲಕೌಂಸ ಮೊದಲಿಂದ ಹಾಕು ಅಂದರು. ಹಾಕಿದೆ. ಅವರು ಗವಸು ತೆಗೆದು, ಪೆಟ್ಟಿಗೆಯನ್ನು ಪಂಚಮದಿಂದ ಮಧ್ಯಮಕ್ಕೆ ತಿರುಗಿಸಿ, ಸ್ವಿಚ್ಚು ಒತ್ತಿದರು. ಎರಡೂ ಶ್ರುತಿ ಹೊಂದಲಿಲ್ಲ. ಒಂದಕ್ಕೊಂದು ಉಜ್ಜಿ ನಡುಗಿದವು. ಮಾಸ್ಟಾರು ಕಣ್ಣು ಮುಚ್ಚಿ, ಎರಡೇ ಬೆರಳಲ್ಲಿ ಗುಬಟನ್ನು ಹಿಡಿದು, ಹೌದೋ ಅಲ್ಲವೋ ಎಂಬಷ್ಟು ಮೆಲ್ಲಗೆ ತಿರುಗಿಸತೊಡಗಿದರು. ನಡುಕ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತಿತು.

‘ಇಪ್ಪುಡು ವಿನು’ ಅಂದರು. ಈಗ ಕೇಳು.

ಕೂತ ತಂಬೂರಿ, ನಡೆಯುವ ತಂಬೂರಿ ಎರಡೂ ಒಂದೇ ಮಧ್ಯಮದಲ್ಲಿದ್ದವು. ಮಾಸ್ಟಾರ ಬಲಗೈ ತನ್ನಷ್ಟಕ್ಕೆ ತೊಡೆಯ ಮೇಲೆ ತಾಳ ಹಾಕುತ್ತಿತ್ತು.